ತಾಮ್ರದ ಪೈಪಿನ ಮೇಲೆ ಮಡಿಸೀರೆ

ನಾನು ಯಾರ ಮೇಲೂ ದನಿ ಎತ್ತುವವಳಲ್ಲ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮೊದಲ ಪಾಠವೇ ಅದು. ಏಸಿ ಅಂಗಡಿಯ ಮಾಲೀಕರಿಗೆ ಫೋನು ಮಾಡಿದ ದಿನವೂ ಮೆಲ್ಲಗೇ ಮಾತಾಡಿದೆ.

"ನಿಮ್ಮ ಮೆಕ್ಯಾನಿಕ್ಕು ಹೋದ ಬೇಸಿಗೇಲಿ ಗ್ಯಾಸ್ ತುಂಬಿದೀನಿ ಅಂದು ಹೋದರು. ತುಂಬಿದ್ದರೆ ಇಷ್ಟು ಬೇಗ ಖಾಲಿ ಆಗತ್ತಾ? ನನಗೇನೋ ಅನುಮಾನ."

ಅಷ್ಟೇ. ಕಳ್ಳ ಎಂಬ ಪದ ಬಳಸಲಿಲ್ಲ. ಬಳಸುವ ಅಗತ್ಯವೇ ಬೀಳದಂತೆ ಮಾತಾಡಿದ್ದೆ.

ಏಸಿ ಇರುವುದು ನಮ್ಮತ್ತೆಯವರ ಕೋಣೆಯಲ್ಲಿ. ದಿನವೂ ಮಿಂದು, ಒಣಗಿದ ಮಡಿಸೀರೆಯುಟ್ಟೇ ದೇವರ ಮುಂದೆ ಕೂರುವವರು ಅವರು. ಏಸಿ ತಂದಾಗ ಇದಕ್ಕೇನು ಹೇಳುತ್ತಾರೋ ಎಂದು ನಾವು ಹೆದರಿದ್ದೆವು. "ಗಾಳಿಗೆಂಥ ಮೈಲಿಗೆಯೇ?" ಎಂದು ನಕ್ಕು ಹೊದ್ದು ಮಲಗಿದರು. ಶ್ರೀರಂಗಪಟ್ಟಣದಲ್ಲಿ ಸುತ್ತಲೂ ಹೊಳೆಯಿದ್ದರೂ ಬೇಸಿಗೆಯಲ್ಲಿ ಬೆವರು ಆರುವುದಿಲ್ಲ. ಈ ಸಲ ಏಸಿಯಿಂದ ಬರೀ ಫ್ಯಾನಿನ ಗಾಳಿ ಬರತೊಡಗಿತ್ತು. ಅತ್ತೆಯವರ ಕುತ್ತಿಗೆಯಲ್ಲಿ ಬೆವರುಸಾಲೆ ಎದ್ದಿತ್ತು.

ಮಾರನೆಯ ದಿನ ಬೆಳಿಗ್ಗೆ ಮಾಲೀಕರೇ ಬಂದರು. ಜೊತೆಗೆ ಅದೇ ಮೆಕ್ಯಾನಿಕ್ಕು. ನಲವತ್ತು ದಾಟಿದ ಮನುಷ್ಯ, ಕಿಕ್ಕೇರಿಯ ಕಡೆಯವರು, ಕಮ್ಮಾರರ ಮನೆತನ. ಹಿಂದಿನ ಸಲ ಕಾಫಿ ಕೊಟ್ಟಾಗ ಅವರೇ ಹೇಳಿದ್ದರು: ಅಪ್ಪ ಕಬ್ಬಿಣ ಕಾಯಿಸಿದರು, ನಾನು ಮನೆ ತಣ್ಣಗೆ ಮಾಡ್ತೀನಿ ಅಂತ. ಈ ಸಲ ಅವರು ನನ್ನ ಮುಖ ನೋಡಲಿಲ್ಲ. ಚಪ್ಪಲಿಯನ್ನು ಮೆಟ್ಟಿಲ ಪಕ್ಕ ಜೋಡಿಸಿಟ್ಟು, ಸಿಲಿಂಡರು ಹೊತ್ತು ಮಹಡಿ ಹತ್ತಿದರು.

"ಏನ್ಲಾ," ಎಂದರು ಮಾಲೀಕರು, ತಾರಸಿಗೆ ಕಾಲಿಟ್ಟವರೇ. "ಓದ್ವರ್ಸ ಗ್ಯಾಸ್ ತುಂಬ್ದೋ, ಇಲ್ಲಾ ನಿಮ್ಮಪ್ಪ ತಿದಿ ಒತ್ತಿದಂಗೆ ಬರೀ ಗಾಳಿ ಊದ್ಬುಟ್ಟು ಬಂದ್ಯೋ?"

ಪಕ್ಕದ ತಾರಸಿಯಲ್ಲಿ ಸಂಡಿಗೆ ಒಣಹಾಕುತ್ತಿದ್ದ ಇಬ್ಬರು ಹೆಂಗಸರು ಕೈ ನಿಲ್ಲಿಸಿ ನೋಡಿದರು.

"ತುಂಬಿದ್ನಣ್ಣ," ಎಂದಷ್ಟೇ ಹೇಳಿ ಅವರು ಬಟ್ಟಲಲ್ಲಿ ಸೋಪಿನ ನೊರೆ ಕಲೆಸಿಕೊಂಡರು. ಏಸಿಯ ಹೊರಗಿನ ಪೆಟ್ಟಿಗೆಯಿಂದ ಹೊರಟ ತಾಮ್ರದ ಪೈಪು ಗೋಡೆಗುಂಟ ಹೋಗುತ್ತದೆ. ಅದರ ಉದ್ದಕ್ಕೂ ಬ್ರಷ್ಷಿನಿಂದ ನೊರೆ ಸವರುತ್ತ ಬಂದರು. ಪೆಟ್ಟಿಗೆಗೆ ಪೈಪು ಸೇರುವ ನಟ್ಟಿನ ಬಳಿ ನೊರೆ ಉಸಿರಾಡತೊಡಗಿತು. ಒಂದು ಗುಳ್ಳೆ ಎದ್ದು ಒಡೆಯಿತು, ಮತ್ತೊಂದು ಎದ್ದಿತು. ಗ್ಯಾಸು ಸೋರುತ್ತಿದ್ದದ್ದು ಅಲ್ಲಿ.

ಅದೇ ನಟ್ಟಿನ ಪಕ್ಕದಲ್ಲಿ ಪೈಪಿನ ಕಪ್ಪು ಹೊದಿಕೆ ಸವೆದು, ತಾಮ್ರ ಪೂಜೆಯ ಪಂಚಪಾತ್ರೆಯಂತೆ ಹೊಳೆಯುತ್ತಿತ್ತು. ಅದನ್ನು ತಿಕ್ಕಿದವಳು ನಾನು. ಮಡಿಬಟ್ಟೆ ಹರವುವ ಬಿದಿರಿನ ಗಳದ ಒಂದು ತುದಿಯ ಕೊಂಡಿ ಕಿತ್ತುಹೋದಾಗಿನಿಂದ ಆ ತುದಿಯನ್ನು ಪೈಪಿನ ಮೇಲೆ ಆನಿಸಿದ್ದೆ. ಓಡಾಡುವವರ ಮೈಗೆ ತಾಗದ ಎತ್ತರ, ಒಳ್ಳೆಯ ಬಿಸಿಲು. ಒಂಬತ್ತು ಗಜದ ಒದ್ದೆ ಸೀರೆ ಎಷ್ಟು ಭಾರವೆಂದು ಹಿಂಡಿದವರಿಗೆ ಗೊತ್ತು. ದಿನವೂ ಆ ಭಾರ ನಟ್ಟನ್ನು ಎಳೆದಿತ್ತು.

ಇಷ್ಟೇ ಆಗಿದ್ದರೆ ತಿಳಿಯದೆ ಆದ ತಪ್ಪು ಎನ್ನಬಹುದಿತ್ತು. ಆದರೆ ಗುಳ್ಳೆ ನೋಡುತ್ತಿದ್ದಂತೆ ನನಗೆ ಹಿಂದಿನ ಬೇಸಿಗೆ ನೆನಪಾಯಿತು. ಅಂದು ಇದೇ ಜಾಗದಲ್ಲಿ ನಿಂತು ಮೆಕ್ಯಾನಿಕ್ಕು ಕೇಳಿದ್ದರು: "ಅಮ್ಮಾರೇ, ಈ ಬಟ್ಟೆ ವಸಿ ಸರುಸ್ತೀರಾ? ಪೈಪು ಸೇರೋ ತಾವ ಲೀಕ್ ಐತೇನೋ ನೋಡ್ಬೇಕು."

"ಅಯ್ಯೋ, ಅದು ಮಡಿ. ಹತ್ತಿರ ಹೋಗಬೇಡಿ. ಸುಮ್ಮನೆ ಗ್ಯಾಸ್ ತುಂಬಿಬಿಡಿ, ಸಾಕು," ಎಂದಿದ್ದೆ ನಾನು. ಅತ್ತೆಯವರಿಗೆ ಹೆದರಿಯಲ್ಲ, ಅವರು ಕೆಳಗೆ ನಿದ್ದೆಯಲ್ಲಿದ್ದರು. ಮೆಕ್ಯಾನಿಕ್ಕಿನ ಕೈ ತಾಗಿದರೆ ಸೀರೆಯನ್ನು ಮತ್ತೆ ಜಾಲಿಸಿ ಒಣಹಾಕಬೇಕಲ್ಲ ಎಂಬ ಬೇಸರಕ್ಕೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, ದೂರದಿಂದಲೇ ಕೈಚಾಚಿ ಕೆಲಸ ಮುಗಿಸಿದ್ದರು.

"ಇಷ್ಟ್ ದಪ್ಪ ಲೀಕು!" ಮಾಲೀಕರ ದನಿ ಏರಿತು. "ಓದ್ಸಲ ಯಾಕ್ಲಾ ನೋಡ್ನಿಲ್ಲ?"

ಮೆಕ್ಯಾನಿಕ್ಕು ಗಳವನ್ನು ನೋಡಿದರು. ಅದರ ಆಚೆ ತುದಿಗೆ ಸರಿಸಿದ್ದ ಸೀರೆಯನ್ನು ನೋಡಿದರು. ನನ್ನನ್ನು ನೋಡಲಿಲ್ಲ.

"ನೋಡ್ನಿಲ್ಲ ಕಣಣ್ಣ. ತಪ್ಪಾಯ್ತು."

"ನಾಳೆಯಿಂದ ಮನೆಗಳ ಕಡೆ ಓಗ್ಬ್ಯಾಡ ನೀನು. ಅಂಗಡೀಲೇ ಬಿದ್ದಿರು."

ಕಾನ್ವೆಂಟಿನಲ್ಲಿ ಪೆನ್ಸಿಲು ಬಿದ್ದರೂ ಸಾರಿ ಎನ್ನುತ್ತಿದ್ದ ನಾಲಿಗೆ ನನ್ನದು. ಅಂದು ಅದು ಬೇರೆ ಮಾತು ಹುಡುಕಿತು. "ಬಿಸಿಲು ಜಾಸ್ತಿ, ಮಜ್ಜಿಗೆ ತರ್ತೀನಿ," ಎಂದು ಕೆಳಗಿಳಿದೆ. ಅಡುಗೆಮನೆಯಲ್ಲಿ ಬೇಕೆಂದೇ ನಿಧಾನವಾಗಿ ಕೊತ್ತಂಬರಿ ಹೆಚ್ಚಿದೆ. ಮೇಲೆ ಹೋಗುವಷ್ಟರಲ್ಲಿ ನಟ್ಟು ಬಿಗಿದು, ಗ್ಯಾಸು ತುಂಬುವುದು ನಡೆದಿತ್ತು. ಮಾಲೀಕರು ಮಜ್ಜಿಗೆ ಕುಡಿದರು. ಮೆಕ್ಯಾನಿಕ್ಕು, "ಬ್ಯಾಡಿ ಅಮ್ಮಾರೇ," ಎಂದರು.

ಮಧ್ಯಾಹ್ನ ತಣ್ಣನೆಯ ಕೋಣೆಯಲ್ಲಿ ಅತ್ತೆಯವರು, "ಮೇಲೆ ಯಾರು ಯಾರನ್ನ ಬೈತಿದ್ದರೇ?" ಎಂದು ಕೇಳಿದಾಗ ಎಲ್ಲ ಹೇಳಿದೆ. ನನ್ನ ಪರವಾಗಿ ಏನಾದರೂ ಅನ್ನುತ್ತಾರೆಂದು ಕಾದೆ.

"ಸೀರೆ ಇನ್ನೊಂದ್ಸಲ ಜಾಲಿಸಿದ್ರೆ ನಿನ್ನ ಕೈ ಸವೆದುಹೋಗ್ತಿತ್ತೇನೇ?" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಮಾಲೀಕರಿಗೆ ಫೋನು ಮಾಡಿ ನಿಜ ಹೇಳಲು ನನಗೆ ಮೂರು ದಿನ ಬೇಕಾಯಿತು. "ಅವತ್ತೇ ಒಂದ್ ಮಾತ್ ಅಂದಿದ್ರೆ ಆಗ್ತಿರ್ನಿಲ್ವಾ ಅಮ್ಮಾರೇ? ಅಷ್ಟ್ ಜನದ್ ಮುಂದೆ ಬೋದ್ಬುಟ್ನಲ್ಲ," ಎಂದರು. ಮಾರನೆಯ ದಿನದಿಂದ ಮೆಕ್ಯಾನಿಕ್ಕನ್ನು ಮತ್ತೆ ಮನೆಗಳಿಗೆ ಕಳಿಸಿದರಂತೆ. ಪಕ್ಕದ ತಾರಸಿಯ ಹೆಂಗಸರಿಗೆ ಮಾತ್ರ ಯಾರೂ ನಿಜ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಏಸಿ ತೊಳೆಯಲು ಅದೇ ಮೆಕ್ಯಾನಿಕ್ಕು ಬಂದರು. ಗಳವನ್ನು ನಾನು ಆಚೆ ಗೋಡೆಗೆ, ಹೊಸ ಕೊಂಡಿಗೆ ಹಾಕಿಸಿ ಆಗಲೇ ವರ್ಷವಾಗಿತ್ತು. ಪೈಪಿನ ಹತ್ತಿರ ಒಂದು ಕರವಸ್ತ್ರವೂ ಇರಲಿಲ್ಲ. ಮೆಟ್ಟಿಲು ಹತ್ತುವಾಗ, "ಅವತ್ತು ತಪ್ಪು ನನ್ನದು," ಎಂದೆ. ಅವರು, "ಬುಡಿ ಅಮ್ಮಾರೇ," ಎಂದರು, ಏನೂ ಆಗದವರಂತೆ.

ಆದರೆ ತಾರಸಿಯ ಬಾಗಿಲಲ್ಲಿ ನಿಂತುಬಿಟ್ಟರು. ಒಂದು ಕೈಯಲ್ಲಿ ಬಕೆಟ್ಟು, ಹೆಗಲ ಮೇಲೆ ನೀರಿನ ಪೈಪು. ಹೊಸಿಲು ದಾಟಲಿಲ್ಲ.

"ಬಟ್ಟೆ ಏನಾರ ಐತಾ ಅಮ್ಮಾರೇ? ಬರ್ಬೋದಾ?"