ಇಪ್ಪತ್ತಕ್ಕಿಂತ ಸಣ್ಣ ಇಪ್ಪತ್ತೆರಡು

ಮೊನ್ನೆ ಯಾದಗಿರಿಯ ಮನೆಯಲ್ಲಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಸ್ವಿಚ್ಚಿನ ಕಡೆಯಿಂದ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂತು. ತಕ್ಷಣ ಆರಿಸಿದೆ. ನನ್ನ ಮೂಗಿನ ಮೇಲೆ ನನಗೆ ಪೂರ್ತಿ ನಂಬಿಕೆ; ನೆನಪಿನ ಮೇಲೆ ಇಲ್ಲ. ನೀವೂ ನಿಮ್ಮ ನೆನಪುಗಳನ್ನು ತಿರುವಿ ನೋಡಿ, ಎಲ್ಲದರಲ್ಲೂ ನೀವೇ ಕೊಂಚ ಒಳ್ಳೆಯವರಾಗಿರುತ್ತೀರಿ.

ಈ ವಾಸನೆ ಸುರಪುರದ ನಮ್ಮ ಹಳೆಯ ಮನೆಯದು. ಅಕ್ಕ ಬಾಣಂತನಕ್ಕೆ ಬಂದಿದ್ದಳು. ಮೊಮ್ಮಗ ಹುಟ್ಟಿದ ಖುಷಿಗೆ ಅಪ್ಪ ಗೀಜರ್ ತಂದರು. ವೈರ್‌ಮನ್ ಹುಸೇನಸಾಬರು ಮೂರು-ಇಪ್ಪತ್ತೆರಡರ ವೈರ್ ಬೇಕೆಂದರು, ಅಂದರೆ ಇಪ್ಪತ್ತೆರಡು ನಂಬರಿನ ಮೂರು ಎಳೆ. ನಾನು ತಂದುಕೊಟ್ಟೆ. ಎಂಟು ದಿನಕ್ಕೆ ಬಚ್ಚಲ ಗೋಡೆ ಹೊಗೆಯಾಡಿತು. ಅಕ್ಕ ಕೂಸನ್ನೆತ್ತಿಕೊಂಡು ಅಂಗಳಕ್ಕೆ ಓಡಿದಳು. ಅಪ್ಪ ಓಣಿಗೆಲ್ಲ ಕೇಳುವಂತೆ ಹುಸೇನಸಾಬರನ್ನು ಬೈದರು. "ತಪ್ಪಾತ್ರೀ ಯಜಮಾನ್ರ," ಎಂದರು ಅವರು. ಆಮೇಲೆ ನಮ್ಮ ಓಣಿಯಲ್ಲಿ ಯಾರೂ ಅವರನ್ನು ಕರೆಯಲಿಲ್ಲ.

ಇದು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದ ಕಥೆ. ಅಕ್ಕ ಈಗ ಶಹಾಪುರದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದಾಳೆ. ವೈರಿಂಗಿಗೆ ಹುಸೇನಸಾಬರೇ ಬೇಕೆಂದು ಆಕೆ, ಮನೆ ಸುಡುವವರು ಬೇಡವೆಂದು ಭಾವ. ವಾಸನೆಯ ನೆಪದಲ್ಲಿ ಅಕ್ಕನಿಗೆ ಫೋನ್ ಮಾಡಿ ಭಾವನ ಪರವಾಗಿ ಅದೇ ಕಥೆ ಶುರು ಮಾಡಿದೆ.

"ಸಾಕ್ ಬಿಡೋ ತಮ್ಮಾ. ಅವ್ರು ತರಾಕ ಹೇಳಿದ್ದು ಮೂರು-ಇಪ್ಪತ್ತು. ಎರಡು ನಂಬರ್ ಹೆಚ್ಚಿದ್ರ ಗಟ್ಟಿ ಅಂತ ಇಪ್ಪತ್ತೆರಡು ತಂದಾಂವ ನೀನು."

"ಅವರು ಬೇಡ ಅನ್ನಲಿಲ್ಲವಲ್ಲ?"

"ಅಂದ್ರು! 'ಇವು ಪರೀಕ್ಷಾದ ಮಾರ್ಕ್ಸ್ ಅಲ್ರೀ ಸರ, ನಂಬರ್ ಏರಿದಂಗ ತಂತಿ ಸಣ್ಣ ಆಗ್ತದ, ಗೀಜರ್ ಹಚ್ಚಿದ್ರ ಸುಡ್ತದ' ಅಂದ್ರು. ನೀನೇ ಸದ್ಯಕ್ಕ ಎಳೀರಿ, ನಾಳಿ ಬದ್ಲಿ ತರ್ತೀನಿ ಅಂದಿ. ಆ ನಾಳಿ ಇನ್ನೂ ಬಂದಿಲ್ಲ."

"ಆಗಲೇ ಯಾಕೆ ಹೇಳಲಿಲ್ಲ?"

"ನೀ ಬಾಯಿ ಬಿಡ್ತಿ ಅಂತ ಕಾಯಾಕತ್ತೇನಿ."

ಅಕ್ಕನ ನೆನಪನ್ನೂ ಅನುಮಾನಿಸಲು ಹೊರಟೆ, ಅಭ್ಯಾಸಬಲ. ಆದರೆ ಇಪ್ಪತ್ತಕ್ಕಿಂತ ಇಪ್ಪತ್ತೆರಡು ದೊಡ್ಡದೆಂಬ ತಪ್ಪನ್ನು ವೈರ್‌ಮನ್ ಮಾಡಲಾರ. ಅದಕ್ಕೆ ಭೌತಶಾಸ್ತ್ರದ ಎಂ.ಎಸ್ಸಿ. ಬೇಕು. ದಪ್ಪ ತಂತಿಯಲ್ಲಿ ಹೆಚ್ಚು ಕರೆಂಟು ಬಿಸಿಯಾಗದೆ ಹರಿಯುತ್ತದೆಂದು ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಮಕ್ಕಳಿಗೆ ಲೆಕ್ಕ ಬಿಡಿಸುತ್ತಿದ್ದೆ. ಯಾವ ತಂತಿ ದಪ್ಪವೆಂದು ಬೆರಳಲ್ಲಿ ಮುಟ್ಟಿ ನೋಡಿರಲಿಲ್ಲ. ಈಗಿನ ಸುರುಳಿಗಳ ಮೇಲೆ ಚದರ ಮಿಲಿಮೀಟರಿನ ಲೆಕ್ಕ ಇರುತ್ತದೆ, ಅಂಕಿ ಹೆಚ್ಚಿದರೆ ತಂತಿಯೂ ದಪ್ಪ. ಜಗತ್ತು ನನ್ನ ದಾರಿಗೆ ಬಂದಿದೆ, ಸ್ವಲ್ಪ ತಡವಾಗಿ.

ಭಾವನಿಗೆ ಫೋನ್ ಹಚ್ಚಿದೆ. "ಭಾವಾ, ಆ ವೈರ್ ತಂದಾಂವ ನಾನು. ಬ್ಯಾಡ ಅಂದ್ರೂ ಹಾಕಿಸಿದಾಂವ ನಾನು."

ಭಾವ ಕೇಳಿದ್ದು ಒಂದೇ ಮಾತು: "ನೀ ಮಕ್ಕಳಿಗೆ ಏನ್ ಕಲಿಸ್ತೀಯೋ ಮಾರಾಯಾ?"

ಭಾನುವಾರ ಶಹಾಪುರಕ್ಕೆ ಹೋದಾಗ ಹುಸೇನಸಾಬರು ಏಣಿಯ ಮೇಲಿದ್ದರು, ತಲೆ ಪೂರ್ತಿ ಬೆಳ್ಳಗಾಗಿತ್ತು. ತಡವರಿಸುತ್ತ ಕ್ಷಮೆ ಕೇಳಿದೆ.

"ಸುಡ್ತದ ಅಂತ ಗೊತ್ತಿದ್ದೂ ಎಳದೀನಲ್ರೀ ಸರ. ಅಷ್ಟು ತಪ್ಪು ನಂದೇ," ಎಂದರು. "ನೀವು ಹೇಳಿದ್ರಿ, ಅದ ಭಾಳ ಆತು."

"ಈಗ ನಾನೇನಾದರೂ ತರಲೇ?"

ಅವರು ಅಕ್ಕನ ಮುಖ ನೋಡಿದರು, ಇಬ್ಬರೂ ನಕ್ಕರು. "ವೈರ್ ನಾನ ತಂದೀನ್ರಿ. ನೀವು ಚಾ ತರ್ರಿ."

ಎಷ್ಟು ಕಪ್ ಎಂದು ಎರಡು ಸಲ ಕೇಳಿಕೊಂಡು ಹೊರಟೆ.