ಮೂರು ಗಂಟಿನ ಕೂದಲು

ಕೂದಲಿಗೆ ಮೂರು ಗಂಟುಗಳಿದ್ದವು, ಸಮ ಅಂತರದಲ್ಲಿ. ಚಮಚದ ತುದಿಯಿಂದ ಹರಡಿ ನೋಡಿದ್ದರಿಂದ ಹೇಳುತ್ತಿದ್ದೇನೆ.

ಇದಾಗಿ ನಾಲ್ಕು ವರ್ಷ. ಇಂಥವನ್ನು ನಾನು ನಂಬಿದವಳಲ್ಲ, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ. ಯಾರೋ ಊಟದಲ್ಲಿ ಮದ್ದು ಹಾಕುತ್ತಾರೆ, ಅದು ಹೊಟ್ಟೆಯೊಳಗೆ ಅಂಟಿಕೊಂಡು ಉಂಡದ್ದನ್ನು ಕೆಳಗಿಳಿಯಗೊಡುವುದಿಲ್ಲ ಎಂದು ರಾಣೇಬೆನ್ನೂರಿನ ನಮ್ಮ ಓಣಿಯಲ್ಲಿ ಮಾತು ಶುರುವಾದರೆ ಎದ್ದು ಒಳಗೆ ಹೋಗುತ್ತಿದ್ದೆ.

ನನ್ನ ಕಾಯಿಲೆಯ ಕಾರಣ ನನಗೆ ಗೊತ್ತಿತ್ತು. ಚಿಕ್ಕಂದಿನಿಂದ ಇರುವ ಸಕ್ಕರೆ ಕಾಯಿಲೆ ಜಠರದ ನರಗಳನ್ನು ಕೆಡಿಸಿತ್ತು. ಸೋಮವಾರ ಉಂಡ ಅನ್ನ ಬುಧವಾರ ಅಗುಳು ಅಗುಳಾಗಿಯೇ ಹೊರಬರುತ್ತಿತ್ತು. ಆ ಹುಳಿ ವಾಸನೆ ದಿಂಬಿಗೆ, ಪುಸ್ತಕಗಳಿಗೂ ಹತ್ತಿತ್ತು. ಕೊನೆಗೆ ಬೆಂಗಳೂರಿನಲ್ಲಿ ಹೊಟ್ಟೆಯ ಚರ್ಮದಡಿ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯಿಟ್ಟು, ಅದರ ಎರಡು ತಂತಿಗಳನ್ನು ಜಠರದ ಗೋಡೆಗೆ ಹೊಲಿದರು. ಅದು ವಿದ್ಯುತ್ತಿನ ಸಣ್ಣ ಮಿಡಿತ ಕೊಟ್ಟು ವಾಂತಿ ತಡೆಯಬೇಕು.

ಅವ್ವನ ಲೆಕ್ಕ ಬೇರೆ. ಅಣ್ಣನ ಹೆಂಡತಿ, ಬ್ಯಾಡಗಿಯಿಂದ ಬಂದ ವೈನಿ, ಹೋಳಿಗೆಯಲ್ಲಿ ಮದ್ದು ಹಾಕಿದ್ದಾಳೆ ಎಂದು ಅವಳ ನಂಬಿಕೆ. "ಹಾಕಿದಾಕೀನ ಮನಿಯಾಗ ಇಟ್ಕೊಂಡು ಕರೆಂಟ್ ಕೊಟ್ಟರ ಮದ್ದು ಬೀಳ್ತೈತೇನ?" ಎಂದು ವೈನಿಗೆ ಕೇಳಿಸಲೆಂದೇ ಅನ್ನುತ್ತಿದ್ದಳು. ಡಬ್ಬಿಯಿಟ್ಟ ಮೇಲೂ ವಾಂತಿ ನಿಲ್ಲದಿದ್ದರೆ ವೈನಿಯನ್ನು ತವರಿಗೆ ಬಿಟ್ಟುಬರಬೇಕೆಂದು ಅಣ್ಣನನ್ನು ಒಪ್ಪಿಸಿದ್ದಳು. ನನ್ನ ವಾಂತಿಯ ಬೋಗುಣಿಯನ್ನು ಮುಖ ಸಿಂಡರಿಸದೆ ತೊಳೆಯುತ್ತಿದ್ದವಳು ವೈನಿ ಒಬ್ಬಳೇ. "ಬ್ಯಾಡಗಿ ಮಂದಿಗೆ ಮೆಣಸಿನಕಾಯಿ ಬಿಟ್ಟರ ಬ್ಯಾರೆ ಏನೂ ಹಾಕಾಕ ಬರೂದಿಲ್ರಿ" ಎಂದು ನನ್ನೆದುರು ನಗುತ್ತಿದ್ದಳು.

ಆ ದಿನ ಅವ್ವ, ಅಣ್ಣ ಹಾವೇರಿಗೆ ಹೋಗಿದ್ದರು. ಐದು ದಿನಗಳ ಹಿಂದಷ್ಟೇ ವೈದ್ಯರು ಡಬ್ಬಿಯ ಮಿಡಿತ ಹೆಚ್ಚಿಸಿ, ಗಂಟಲಿನಿಂದ ಕ್ಯಾಮೆರಾದ ಕೊಳವೆ ಇಳಿಸಿ ನೋಡಿದ್ದರು. ನನ್ನ ಜಠರ ತೊಳೆದಿಟ್ಟ ಪಾತ್ರೆಯಂತಿದ್ದುದನ್ನು ಪರದೆಯ ಮೇಲೆ ನಾನೇ ಕಂಡಿದ್ದೆ. ಆಮೇಲೆ ಕುಡಿದದ್ದು ಬಟ್ಟೆಯಲ್ಲಿ ಸೋಸಿದ ಗಂಜಿ ಮಾತ್ರ. ಸೋಸುತ್ತಿದ್ದವಳು ವೈನಿ.

ಮಧ್ಯಾಹ್ನ ಮೂರರ ಹೊತ್ತಿಗೆ ಬಾಯಲ್ಲಿ ನೀರು ಒತ್ತರಿಸಿತು. ಮೊದಲು ಗಂಜಿ ಬಂತು. ಆಮೇಲೆ ಗಂಟಲಲ್ಲಿ ಏನೋ ಸಿಕ್ಕಿ ಉಸಿರು ಕಟ್ಟಿತು. ಮತ್ತೊಮ್ಮೆ ಓಕರಿಸಿದಾಗ ಅದು ಬೋಗುಣಿಗೆ ಬಿತ್ತು. ನೆಲ್ಲಿಕಾಯಿ ಗಾತ್ರದ ಕಪ್ಪು ಉಂಡೆ, ಸುತ್ತ ಲೋಳೆ. ಅದರಿಂದ ಹೊರಟ ಕೂದಲಿನ ಇನ್ನೊಂದು ತುದಿ ಇನ್ನೂ ನನ್ನ ನಾಲಿಗೆಯ ಮೇಲಿತ್ತು. ಎಳೆದೆ. ಬರುತ್ತಲೇ ಇತ್ತು. ಮೊಳದುದ್ದ, ಬೆಳ್ಳಗೆ. ಬೋಗುಣಿಯಲ್ಲೇ ಚಮಚದಿಂದ ಹರಡಿ ಗಂಟುಗಳನ್ನು ಎಣಿಸಿದೆ. ನಮ್ಮ ಮನೆಯಲ್ಲಿ ಅಷ್ಟುದ್ದದ ಬಿಳಿಕೂದಲು ಯಾರಿಗೂ ಇಲ್ಲ. ಅವ್ವನದೂ ಆಗ ಕಪ್ಪೇ.

ವೈದ್ಯರಿಗೆ ತೋರಿಸಬೇಕು, ಬಾಟಲಿ ತಾ ಎಂದೆ. ವೈನಿ ಬೋಗುಣಿಯನ್ನೇ ನೋಡುತ್ತ ನಿಂತಿದ್ದಳು.

"ಅತ್ತಿಯವರಿಗೆ ಹೇಳಬ್ಯಾಡ್ರಿ" ಎಂದಳು. ಅಷ್ಟೇ. ಬೋಗುಣಿಯನ್ನು ಒಯ್ದು ಬಚ್ಚಲಿಗೆ ಸುರಿದು ಎರಡು ಬಕೆಟ್ ನೀರು ಹೊಯ್ದಳು.

ಅದು ಅಂಜಿಕೆಯೋ, ತಪ್ಪೊಪ್ಪಿಗೆಯೋ, ನನಗೆ ಇಂದಿಗೂ ಗೊತ್ತಿಲ್ಲ. ಹೊಟ್ಟೆಯಲ್ಲಿ ಕೂದಲು ಉಂಡೆಗಟ್ಟುವುದುಂಟೆಂದು ಓದಿದ್ದೇನೆ. ಆದರೆ ಐದು ದಿನಗಳಲ್ಲಿ ಕಟ್ಟುವುದಿಲ್ಲ. ಅಳತೆ ಮಾಡಿ ಗಂಟು ಹಾಕಿಕೊಳ್ಳುವುದೂ ಇಲ್ಲ. ನೀವು ಬೇರೆ ವಿವರಣೆ ಕೊಟ್ಟರೆ ಕೇಳುತ್ತೇನೆ.

ಮರುದಿನ ಬೆಳಿಗ್ಗೆ ಅವ್ವ, ನಿನ್ನೆ ವಾಂತಿಯಾಯಿತೇ ಎಂದು ಕೇಳಿದಳು. ಇಲ್ಲವೆಂದೆ. ವೈನಿ ಗಂಜಿಯ ಲೋಟ ತಂದುಕೊಟ್ಟಳು. ಎಂದೂ ಮಾಡದವಳು, ಅಂದು ಕುಡಿಯುವ ಮೊದಲು ಮೂಸಿ ನೋಡಿದೆ. ಅದನ್ನು ವೈನಿ ಕಂಡಳು. ಒತ್ತರಿಸಿ ಬರುತ್ತಿದ್ದ ವಾಕರಿಕೆಯನ್ನು ತಡೆದು, ಅವ್ವ ನೋಡುತ್ತಿದ್ದಂತೆಯೇ ತಳದವರೆಗೂ ಕುಡಿದೆ.