ಬದಿಗೆರೆಯಲ್ಲಿ ಓಡಿದ ಅಕ್ಕ

ಭುಜದ ನೋವಿಗೆಂದು ಕೊಟ್ಟಾರದ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋಗುತ್ತಿದ್ದೇನೆ. ಕಳೆದ ವಾರ ಸರದಿ ಕಾಯುತ್ತಾ ಕುಳಿತಿದ್ದಾಗ ಒಳಗೆ ಯಾರಿಗೋ ನೀಲಗಿರಿ ಎಣ್ಣೆ ಹಚ್ಚುತ್ತಿದ್ದರು. ಬಾಗಿಲು ತೆರೆದಾಗ ಆ ವಾಸನೆ ಹೊರಗೆ ಬಂತು. ಎದುರಿನ ಗೋಡೆಯ ಟಿವಿಯಲ್ಲಿ ದೇಶದ ದೊಡ್ಡ ಫುಟ್ಬಾಲ್ ಲೀಗಿನ ಸುದ್ದಿ. ಹೊಸ ಸೀಸನ್ ಸದ್ಯದಲ್ಲೇ ಶುರುವಾಗುತ್ತದಂತೆ, ಯಾವ ತಂಡಕ್ಕೆ ಯಾರು ಬಂದರು, ಯಾರು ಬಿಟ್ಟುಹೋದರು... ಎರಡೂ ಒಟ್ಟಿಗೆ ಬಂದದ್ದರಿಂದ ಇರಬೇಕು, ಕಾಟಿಪಳ್ಳದ ನಮ್ಮ ಹಳೆಯ ಮನೆಯ ಪಕ್ಕದ ಮನೆಯ ಮೆಟ್ಟಿಲು ನೆನಪಾಯಿತು. ಆ ಮೆಟ್ಟಿಲಿನಲ್ಲಿ ಕುಳಿತು ಸಂಜೆ ಹೊತ್ತು ಮೀನಖಂಡಕ್ಕೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ನೆರೆಮನೆಯ ಅಕ್ಕನೂ ನೆನಪಾದರು.

ಅವರದು ಮೊದಲಿನಿಂದಲೂ ಕಡಲಿಗೆ ಹೋಗುವ ಮನೆತನ. ಅಪ್ಪ ತೀರಿಹೋಗಿದ್ದರು. ಅಮ್ಮ ಸುರತ್ಕಲ್ ಮಾರ್ಕೆಟಿನಲ್ಲಿ ಮೀನು ಮಾರುತ್ತಿದ್ದರು, ತಮ್ಮ ಬಂದರಿನ ಧಕ್ಕೆಯಿಂದ ಹೊರಡುವ ಮೀನಿನ ಬೋಟೊಂದರಲ್ಲಿ ಕೆಲಸಕ್ಕಿದ್ದ. ಅಕ್ಕ ಒಂದು ಶಾಲೆಯಲ್ಲಿ ಆಟದ ಟೀಚರ್. ಕಾಲೇಜಿನಲ್ಲಿ ಚೆನ್ನಾಗಿ ಫುಟ್ಬಾಲ್ ಆಡುತ್ತಿದ್ದವರು, ಮೊಣಕಾಲಿನ ಪೆಟ್ಟಾದ ಮೇಲೆ ಆಡುವುದು ಬಿಟ್ಟು ರೆಫ್ರಿ ಪರೀಕ್ಷೆ ಕಟ್ಟಿದರು. ಅದರಲ್ಲೂ ಅವರಿಗೆ ಇಷ್ಟವಾದದ್ದು ಮೈದಾನದ ಬದಿಗೆರೆಯಲ್ಲಿ ಬಾವುಟ ಹಿಡಿದು ಓಡುವ ಕೆಲಸ. ನಮ್ಮ ಓಣಿಯವರಿಗೆ ಇದು ಸರಿಯಾಗಿ ಅರ್ಥವಾಗಿರಲಿಲ್ಲ. "ಲೈನ್‌ಮ್ಯಾನ್ ಕೆಲಸವಂತೆ" ಎಂದು ಯಾರೋ ಹೇಳಿದ್ದನ್ನು ಕೇಳಿ ಹಿಂದಿನ ಮನೆಯ ಅಜ್ಜಿಯೊಬ್ಬರು ಕರೆಂಟ್ ಹೋದಾಗ ಇವರನ್ನು ಕರೆದದ್ದೂ ಉಂಟು. ಅಕ್ಕ ಹೋಗಿ ಫ್ಯೂಸ್ ನೋಡಿ ಬಂದಿದ್ದರು.

ನಾನಾಗ ಡಿಗ್ರಿ ಓದುತ್ತಿದ್ದೆ. ಅಪ್ಪ ಮಸ್ಕತ್‌ನಲ್ಲಿ, ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ಹಾಗಾಗಿ ಅಕ್ಕನ ಮನೆಯೇ ನನಗೆ ಇನ್ನೊಂದು ಮನೆ. ಒಂದು ದಿನ ಅಕ್ಕ ನಮ್ಮ ಅಡುಗೆಮನೆಯ ಬಾಗಿಲಿಗೇ ಬಂದು, ದೊಡ್ಡ ಲೀಗಿನ ಮುಂದಿನ ಸೀಸನ್ನಿಗೆ ತನ್ನ ಹೆಸರು ಪರಿಗಣಿಸಿದ್ದಾರೆ ಎಂದರು. ಗಂಡಸರ ಲೀಗ್. ಓಟದ ಪರೀಕ್ಷೆಯಲ್ಲಿ ಗಂಡಸರಿಗೆ ಇಟ್ಟಷ್ಟೇ ಸಮಯದಲ್ಲಿ ಇವರೂ ಓಡಿ ಮುಗಿಸಬೇಕು.

"ಆಗ್ತದಾ ಅಕ್ಕ?" ಎಂದು ಕೇಳಿದೆ.

"ಓಡಿ ನೋಡಿದರೆ ಗೊತ್ತಾಗ್ತದೆ ಮಾರಾಯ್ತಿ. ನೀನು ಬೆಳಿಗ್ಗೆ ಬಾ, ಟೈಮ್ ನೋಡ್ಲಿಕ್ಕೆ ಒಬ್ಬರು ಬೇಕು."

ಹೀಗೆ ನಾನು ಬೆಳಿಗ್ಗೆ ಮೊಬೈಲ್ ಹಿಡಿದು ಶಾಲೆಯ ಮೈದಾನದ ಮೂಲೆಯಲ್ಲಿ ನಿಲ್ಲತೊಡಗಿದೆ. ಅಕ್ಕ ಓಡುತ್ತಿದ್ದರು, ನಿಲ್ಲುತ್ತಿದ್ದರು, ಮತ್ತೆ ಓಡುತ್ತಿದ್ದರು. ಹತ್ತಿರದ ತೈಲ ರಿಫೈನರಿಯ ಕಡೆಯಿಂದ ಗಾಳಿ ಬೀಸಿದ ದಿನ ಮೂಗು ಮುಚ್ಚಿಕೊಂಡು ಬೈಯುತ್ತಿದ್ದರು. ಬೇರೆ ದಿನಗಳಲ್ಲಿ ಮಾತೇ ಇಲ್ಲ.

ಆ ಬೇಸಿಗೆಯ ಕೊನೆಗೆ ನಮ್ಮ ಊರಿನ ಟೂರ್ನಮೆಂಟ್ ನಡೆಯಿತು. ಫೈನಲ್‌ಗೆ ಅಕ್ಕನದೇ ಬಾವುಟ, ಆಡುವವರಲ್ಲಿ ಅಕ್ಕನ ತಮ್ಮನೂ ಇದ್ದ. ಆಟ ಮುಗಿಯಲು ಬಂದಾಗ ಅವನು ಗೋಲು ಹೊಡೆದ. ಇಡೀ ಮೈದಾನ ಎದ್ದು ನಿಂತಿತು. ಅಕ್ಕ ಬಾವುಟ ಎತ್ತಿ ಹಾಗೇ ನಿಂತಿದ್ದರು. ಜೊತೆಯವನು ಅವನ ಕಡೆಗೆ ಚೆಂಡು ಒದೆಯುವಾಗಲೇ ಅವನು, ಗೋಲ್‌ಕೀಪರನನ್ನು ಬಿಟ್ಟರೆ, ಎದುರಾಳಿಯ ಕೊನೆಯ ಆಟಗಾರನನ್ನು ದಾಟಿ ಮುಂದೆ ನಿಂತಿದ್ದ. ಆಫ್‌ಸೈಡ್. ರೆಫ್ರಿ ಗೋಲು ತಳ್ಳಿಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಆ ಕಡೆಯವರು ಗೋಲು ಹೊಡೆದು ಕಪ್ ತೆಗೆದುಕೊಂಡು ಹೋದರು.

ಆಮೇಲೆ ಆದದ್ದು ನೋಡಲು ಚಂದ ಇರಲಿಲ್ಲ. ಮೈದಾನದಿಂದ ಮನೆವರೆಗೂ ಜನ ಹಿಂದೆ ಬಂದರು. ಸ್ವಂತ ತಮ್ಮನ ಗೋಲು ತೆಗೆಸಿದವಳು, ದೊಡ್ಡ ಲೀಗಿಗೆ ಹೋಗಲಿಕ್ಕೆ ಹೆಸರು ಮಾಡಿಕೊಂಡಳು ಎಂದೆಲ್ಲ ಹೇಳಿದರು. ತಮ್ಮನೋ, ಅಕ್ಕನ ಜೊತೆ ಮಾತು ಬಿಟ್ಟ, ಅಷ್ಟೆ. ಬೋಟಿನಿಂದ ಬಂದರೂ ಊಟ ಗೆಳೆಯರ ಮನೆಯಲ್ಲಿ.

ಅವರ ಅಮ್ಮನಿಗೆ ಆಟದ ಗಂಧಗಾಳಿ ಇರಲಿಲ್ಲ. ಆ ಸಂಜೆ ಮಾರ್ಕೆಟಿನಿಂದ ಬಂದು, ಬುಟ್ಟಿ ತೊಳೆದು ಬೋರಲು ಹಾಕಿ, ಅಕ್ಕನ ಎದುರು ಕುಳಿತು ಕೇಳಿದರು. ಮನೆಯ ಮಾತೆಲ್ಲ ತುಳುವಿನಲ್ಲಿ.

"ಅವನು ಮುಂದೆ ನಿಂತದ್ದು ಹೌದಾ?"

"ಹೌದು."

"ನೀನು ನೋಡಿದ್ದೀಯಾ?"

"ನೋಡಿದ್ದೇನೆ."

"ಹಾಗಾದ್ರೆ ಊಟ ಮಾಡು. ಅವನು ಹಸಿವಾದಾಗ ಬರ್ತಾನೆ."

ಅಕ್ಕ ಊಟ ಮಾಡಿದರು. ಆದರೆ ತಮ್ಮ ಬರಲಿಲ್ಲ... ಅದಕ್ಕೆ ತುಂಬ ಸಮಯ ಹಿಡಿಯಿತು.

ಮಳೆಗಾಲದಲ್ಲಿ ಅಕ್ಕ ಪರೀಕ್ಷೆಗೆ ಹೋಗಿ ಪಾಸಾಗಿ ಬಂದರು. ಸೀಸನ್ ತಿಂಗಳುಗಟ್ಟಲೆ ನಡೆಯುತ್ತದೆ, ಊರೂರು ತಿರುಗಬೇಕು. ಅಷ್ಟು ರಜೆ ಕೊಡಲು ಆಗುವುದಿಲ್ಲ ಎಂದು ಶಾಲೆಯವರು ಹೇಳಿದರು. ಅಕ್ಕ ಕೆಲಸ ಬಿಟ್ಟರು. ಬಿಟ್ಟ ಸ್ವಲ್ಪ ದಿನಕ್ಕೇ ಸೀಸನ್ ಮುಂದೆ ಹೋಯಿತು ಎಂಬ ಸುದ್ದಿ ಬಂತು. ಲೀಗ್ ನಡೆಸುವವರ ನಡುವೆ ಏನೋ ಒಪ್ಪಂದವಾಗಲಿಲ್ಲವಂತೆ. ಮುಂದಿನ ತಿಂಗಳು ಎಂದರು, ಆ ತಿಂಗಳು ಬಂದಾಗ ಅದರ ಮುಂದಿನ ತಿಂಗಳು ಎಂದರು. ಹಬ್ಬಗಳೆಲ್ಲ ಮುಗಿದವು. ಓಣಿಯಲ್ಲಿ ಎದುರು ಸಿಕ್ಕವರದೆಲ್ಲ ಒಂದೇ ಪ್ರಶ್ನೆ, "ನಿಮ್ಮ ಲೀಗ್ ಎಂತ ಆಯ್ತು?" ಕೆಲವರು ಕಾಳಜಿಯಿಂದ ಕೇಳುತ್ತಿದ್ದರು. ಆ ಗೋಲನ್ನು ಮರೆಯದವರೂ ಇದ್ದರು. ಅಕ್ಕ ಇಬ್ಬರಿಗೂ ಒಂದೇ ಉತ್ತರ ಕೊಡುತ್ತಿದ್ದರು, "ಆಗ್ತದೆ."

ಆದರೆ ಓಟ ನಿಲ್ಲಿಸಲಿಲ್ಲ. ಯಾವಾಗ ಕರೆದರೂ ಸಿದ್ಧವಿರಬೇಕಲ್ಲ. ಒಮ್ಮೆ ಮಾತ್ರ ಓಟದ ನಡುವೆ ನಿಂತು, ಮೈದಾನದ ಕಟ್ಟೆಯ ಮೇಲೆ ಕುಳಿತು, "ಶಾಲೆ ಬಿಟ್ಟದ್ದು ಮಂಗಬುದ್ಧಿಯಾ ಹೇಗೆ?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಎದ್ದು ಲೇಸ್ ಕಟ್ಟಿಕೊಂಡರು.

ಬೋಟು ದಡಕ್ಕೆ ಬಂದಿದ್ದ ಒಂದು ಸಂಜೆ ತಮ್ಮ ಮೈದಾನಕ್ಕೆ ಬಂದ. ಜೊತೆಗೆ ಅವನ ತಂಡದ ಮೂರ್ನಾಲ್ಕು ಜನ, ಒಂದು ಚೆಂಡು. ಅಕ್ಕನ ಮುಖ ನೋಡದೆ ಹೇಳಿದ, "ಒಬ್ಬಳೇ ಓಡಿದರೆ ಎಂತ ಅಭ್ಯಾಸ ಆಗ್ತದೆ? ನಾವು ಆಡ್ತೇವೆ, ನೀನು ಫ್ಲ್ಯಾಗ್ ಎತ್ತು."

ಅವರು ಆಡಿದರು. ಅಕ್ಕ ಗೆರೆಯ ಬದಿಯಲ್ಲಿ ಓಡಿದರು. ಒಂದು ಸಲ ಬಾವುಟ ಎತ್ತಿದಾಗ ತಮ್ಮ ನಿಂತು, "ಇದೂ ಆಫ್‌ಸೈಡಾ?" ಎಂದ.

"ಹೌದು."

"ಎಷ್ಟು ಮುಂದೆ ಇದ್ದೆ?"

"ಒಂದು ಪಾದ."

"ಆವತ್ತು?"

"ಆವತ್ತು ಇದಕ್ಕಿಂತ ಜಾಸ್ತಿ."

ನಗು ಬಂತು ಅವನಿಗೆ. "ನನಗೂ ಹಾಗೇ ಅನ್ಸಿತ್ತು" ಎಂದ. ಆ ದಿನ ಊಟ ಮನೆಯಲ್ಲೇ ಮಾಡಿದ. ಬಂಗುಡೆ ಮೀನಿನ ಪುಳಿಮುಂಚಿ ಸಾರಿನ ಒಂದು ಪಾತ್ರೆ ನಮ್ಮ ಮನೆಗೂ ಬಂತು.

ಕೊನೆಗೂ ಸೀಸನ್ ಶುರುವಾಯಿತು. ಅಕ್ಕನ ಮೊದಲ ಪಂದ್ಯದ ದಿನ ಓಣಿಯ ಅರ್ಧ ಜನ ಅವರ ಮನೆಯ ಟಿವಿಯ ಎದುರಿದ್ದರು. ಟಿವಿಯವರು ಆಟಗಾರರನ್ನು ತೋರಿಸುತ್ತಾರೆಯೇ ಹೊರತು ಬದಿಯವರನ್ನಲ್ಲ. ಅಕ್ಕನ ಅಮ್ಮ ಮಾತ್ರ ಚೆಂಡಿನ ಕಡೆ ನೋಡಲೇ ಇಲ್ಲ. ಚಿತ್ರ ಗೆರೆಯ ಹತ್ತಿರ ಬಂದಾಗಲೆಲ್ಲ ಮುಂದಕ್ಕೆ ಬಾಗುತ್ತಿದ್ದರು. ಎರಡನೇ ಅರ್ಧದಲ್ಲಿ ಅಕ್ಕ ಬಾವುಟ ಎತ್ತಿದರು. ಮೈದಾನದಲ್ಲಿ ಸಾವಿರಾರು ಜನ ಕೂಗಿದರು, ಆಟಗಾರನೊಬ್ಬ ಅವರ ಮುಖದ ಹತ್ತಿರ ಬಂದು ಕೈ ಬೀಸಿದ. ಅಕ್ಕ ಅಲುಗಾಡಲಿಲ್ಲ. ಮತ್ತೆ ನಿಧಾನವಾಗಿ ತೋರಿಸಿದಾಗ ತಮ್ಮ ಟಿವಿಯ ಹತ್ತಿರ ಹೋಗಿ ಬಗ್ಗಿ ನೋಡಿ, "ಸರಿ ಉಂಟು" ಎಂದ. ಓಣಿಯವರು ಅದನ್ನೇ ಮತ್ತೊಬ್ಬರಿಗೆ ಹೇಳಿದರು, "ಸರಿ ಉಂಟಂತೆ."

ಆ ಸೀಸನ್ ಪೂರ್ತಿ ಅಕ್ಕ ಬಾವುಟ ಹಿಡಿದರು. ಅಮ್ಮ ಮಾರ್ಕೆಟಿನಲ್ಲಿ ಮೀನು ತೂಗುತ್ತಾ ಗಿರಾಕಿಗಳಿಗೆ ಆಫ್‌ಸೈಡ್ ಅಂದರೆ ಏನೆಂದು ಹೇಳುತ್ತಿದ್ದರಂತೆ. ಪೂರ್ತಿ ತಪ್ಪಾಗಿ, ಆದರೆ ತುಂಬ ಧೈರ್ಯದಿಂದ.

ಮರುವರ್ಷದ ಮಳೆಗಾಲದಲ್ಲಿ ಹೊಸ ಸೀಸನ್ನಿನ ಪರೀಕ್ಷೆ ಹತ್ತಿರ ಬಂದಿತ್ತು. ಅಕ್ಕನಿಗೆ ಜ್ವರ ಬಂತು. ಮೈಕೈ ನೋವು ಓಟದಿಂದ ಬಂದದ್ದು ಎಂದುಕೊಂಡರು. ಅಮ್ಮ ಬೇಡ ಎಂದರೂ ಮಾತ್ರೆ ನುಂಗಿ ಒಂದೆರಡು ದಿನ ಮೈದಾನಕ್ಕೆ ಹೋದರು. "ಪರೀಕ್ಷೆ ಮುಗಿಯಲಿ, ಮತ್ತೆ ಮಲಗ್ತೇನೆ" ಎಂದರಂತೆ. ನಾನಾಗ ಕದ್ರಿಯಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಹಾಸ್ಟೆಲಿನಲ್ಲಿದ್ದೆ. ತಮ್ಮ ಫೋನ್ ಮಾಡುವಾಗ ಅಕ್ಕ ಆಸ್ಪತ್ರೆಯಲ್ಲಿದ್ದರು. ಡೆಂಗಿ. ನಾನು ಹೋದಾಗ ಕಣ್ಣು ಬಿಟ್ಟು ನೋಡಿದರು. ವಾರ ತುಂಬುವ ಮೊದಲೇ ಹೋಗಿಬಿಟ್ಟರು.

ಮೊನ್ನೆ ಭಾನುವಾರ ಕಾಟಿಪಳ್ಳಕ್ಕೆ ಹೋಗಿದ್ದೆ. ನಮ್ಮ ಮನೆಯಲ್ಲಿ ಈಗ ಬಾಡಿಗೆಯವರಿದ್ದಾರೆ, ಅಕ್ಕನ ಮನೆಯವರು ಅಲ್ಲೇ ಇದ್ದಾರೆ. ಅಮ್ಮ ಮಾರ್ಕೆಟಿಗೆ ಹೋಗುವುದು ಬಿಟ್ಟಿದ್ದಾರೆ. ತಮ್ಮ ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ಹೊಸ ಸೀಸನ್ನಿನ ಪಂದ್ಯಗಳ ಪಟ್ಟಿ ನೋಡುತ್ತಿದ್ದ. ಸದ್ಯದಲ್ಲೇ ಶುರುವಾಗುತ್ತದೆ ಎಂದು ನನಗೂ ತೋರಿಸಿದ. ಅಮ್ಮ ಚಹಾ ತಂದಿಟ್ಟು, ಅವಳ ಜಾಗಕ್ಕೆ ಯಾರು ಬಂದಿದ್ದಾರೆ ಎಂದು ಕೇಳಿದರು.

"ಯಾರಿಗೆ ಗೊತ್ತು ಅಮ್ಮ, ಯಾರಾದರೂ ಬಂದಿರಬಹುದು" ಎಂದ ಅವನು.

"ಹುಡುಗಿಯಾ?"

"ಗೊತ್ತಿಲ್ಲ."

ಅಮ್ಮ ನನ್ನ ಕಡೆ ತಿರುಗಿ, ನಾನು ಆ ಲೀಗಿನವರಿಗೆ ಪರಿಚಯದವಳು ಎಂಬಂತೆ ಹೇಳಿದರು, "ಯಾರೇ ಆಗಲಿ ಮಗಾ, ಜ್ವರ ಬಂದರೆ ಓಡಬಾರದು ಅಂತ ಅವರಿಗೆ ಒಂದು ಮಾತು ಹೇಳ್ಬೇಕು."

ಹೇಳ್ತೇನೆ ಎಂದೆ. ಯಾರಿಗೆ ಹೇಳಬೇಕೋ ನನಗೆ ಗೊತ್ತಿಲ್ಲ. ಚಹಾ ಕುಡಿದು, ತಮ್ಮನ ಬೈಕಿನಲ್ಲಿ ಸುರತ್ಕಲ್‌ವರೆಗೆ ಬಂದು ಬಸ್ಸು ಹತ್ತಿದೆ.